ಎದುರು ಜವಾಬು ಕೊಡೋರು ಯಾರು?

‘ಸಂಜೆ ಕಾಫಿಯಾ ಇದೆ, ಬರ್ತೀಯಾ?’ ಎಂದು ಜಾರ್ಜಿಯಾದ ಸಹಪಾಠಿ ಕರೆದಾಗ ನನ್ನ ಕಿವಿಗೆ ಬಿದ್ದದ್ದು ‘ಕಾಫಿ’ ಎಂದೇ. ಅನಾಟಮಿ ಓದಿ ತಲೆ ಕೆಟ್ಟಿತ್ತು. ಒಂದು ಕಪ್ ಸಿಕ್ಕರೆ ಸಾಕೆಂದು ಹೊರಟೆ. ಹೋಗಿ ಕುಳಿತದ್ದು ಟಿಬಿಲಿಸಿಯ ಒಂದು ಸಣ್ಣ ಸಭಾಂಗಣದಲ್ಲಿ. ಕಪ್ಪೂ ಇಲ್ಲ, ಸಾಸರೂ ಇಲ್ಲ. ವೇದಿಕೆ ಮೇಲೆ ಎರಡು ಕುರ್ಚಿ, ಮೂರು ತಂತಿಯ ಪಾಂದುರಿ ವಾದ್ಯ, ಅಷ್ಟೇ.

ಮೆಡಿಸಿನ್ ಓದಲು ಇಲ್ಲಿಗೆ ಬಂದಿರುವ ನನ್ನಂಥ ಭಾರತೀಯರಿಗೆ ಜಾರ್ಜಿಯಾದ ಹಾಡು ಅಲ್ಪಸ್ವಲ್ಪ ಗೊತ್ತು. ಇಲ್ಲಿನ ಬಹುಧ್ವನಿ ಗಾಯನವನ್ನು ಯುನೆಸ್ಕೊ 2001ರಲ್ಲೇ ಗುರುತಿಸಿದೆ. 1977ರಲ್ಲಿ ವಾಯೇಜರ್ ನೌಕೆ ಬಾಹ್ಯಾಕಾಶಕ್ಕೆ ಹೊತ್ತೊಯ್ದ ಚಿನ್ನದ ತಟ್ಟೆಯಲ್ಲಿ ‘ಚಾಕ್ರುಲೊ’ ಎಂಬ ಇಲ್ಲಿನ ಹಾಡಿದೆ. ಆದರೆ ಬಾಯಿಂದ ಬಾಯಿಗೆ ಬಂದ ಕಾವ್ಯಕ್ಕೆ ಅಷ್ಟು ಹೆಸರಿಲ್ಲ. ಅದರ ತವರು ಈಶಾನ್ಯದ ಪರ್ವತ ಸೀಮೆಗಳಾದ ಪ್ಷಾವಿ ಮತ್ತು ಖೆವ್ಸುರೇತಿ.

ಕಾಫಿಯಾ ಎಂದರೆ ಪದ್ಯದ ಜುಗಲ್‌ಬಂದಿ. ಒಬ್ಬರು ಪ್ರಾಸ ಕಟ್ಟಿ ಕೆಣಕುತ್ತಾರೆ. ಎದುರಿನವರು ಅಲ್ಲೇ, ಆಗಲೇ ಪದ್ಯದಲ್ಲೇ ಉತ್ತರಿಸಬೇಕು. ಸಾಲಿಗೆ ಸಾಮಾನ್ಯವಾಗಿ ಎಂಟು ಅಕ್ಷರ. ಮೊದಲೇ ಬರೆದುಕೊಂಡು ಬಂದರೆ ಅದು ಆಟವೇ ಅಲ್ಲ.

ಆ ಸಂಜೆ ಮೊದಲು ಒಬ್ಬ ಹುಡುಗಿ ಯುವಕ ಮತ್ತು ಹುಲಿಯ ಹಳೆಯ ಕಥನಗೀತೆ ಹೇಳಿದಳು. ಬೇಟೆಗೆ ಹೋದ ಯುವಕನೂ ಹುಲಿಯೂ ಕಾದಾಡಿ ಸಾಯುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಅಳುತ್ತಲೇ, ಆ ಹುಲಿಗೂ ತಾಯಿ ಇರುತ್ತಾಳಲ್ಲ, ಹೋಗಿ ಅವಳನ್ನೂ ಸಂತೈಸೋಣ ಎಂದುಕೊಳ್ಳುತ್ತಾಳೆ. ಗೆಳತಿ ಪಕ್ಕದಲ್ಲಿ ಪಿಸುಗುಟ್ಟಿ ಅರ್ಥ ಹೇಳುತ್ತಿದ್ದಳು. ನನ್ನ ಗಂಟಲು ಕಟ್ಟಿತು.

ಆಮೇಲೆ ಕಾಫಿಯಾ. ಒಂದು ಕುರ್ಚಿಯಲ್ಲಿ ಪ್ಷಾವಿಯ ಅಜ್ಜ, ಇನ್ನೊಂದರಲ್ಲಿ ಕಾಲೇಜು ಹುಡುಗ. ಅಜ್ಜ ಹುಡುಗನ ಹೊಳೆಯುವ ಶೂ ನೋಡಿ ಕೆಣಕಿದರು. ಹುಡುಗ ಅವರ ಬಿಳಿ ಮೀಸೆ ಹಿಡಿದು ತಿರುಗೇಟು ಕೊಟ್ಟ. ಸಭೆ ನಕ್ಕಿತು. ನಾಲ್ಕನೇ ಸುತ್ತಿಗೆ ಹುಡುಗ ತಡವರಿಸಿದ. ಬಾಯಿ ತೆರೆದ, ಪದ ಬರಲಿಲ್ಲ. ನನಗೆ ವೈವಾದಲ್ಲಿ ನಿಂತ ಹಾಗೆ ಬೆವರು. ಯಾರೂ ನಗಲಿಲ್ಲ. ಅಜ್ಜ ಸುಮ್ಮನೆ ಪಾಂದುರಿ ಮೀಟುತ್ತಾ ಕಾದರು. ಕೊನೆಗೆ ಹುಡುಗ ಒಂದು ಕುಂಟು ಪ್ರಾಸ ಹೇಳಿದ. ಅದಕ್ಕೆ ಬಿದ್ದಷ್ಟು ಚಪ್ಪಾಳೆ ಆ ಸಂಜೆ ಬೇರೆ ಯಾವುದಕ್ಕೂ ಬೀಳಲಿಲ್ಲ.

‘ಪಾಪ, ಸೋತ’ ಎಂದೆ. ಗೆಳತಿ ಒಪ್ಪಲಿಲ್ಲ. ‘ಬಾಯಿಪಾಠ ಒಪ್ಪಿಸಿದ್ದರೆ ತಡವರಿಸುತ್ತಲೇ ಇರಲಿಲ್ಲ. ತಡವರಿಸಿದ ಅಂದರೆ ನಿಜವಾಗಿ ಕಟ್ಟುತ್ತಿದ್ದ’ ಎಂದಳು.

ಈ ಮಾತಿನ ತೂಕ ಆಮೇಲೆ ತಿಳಿಯಿತು. ಖೆವ್ಸುರೇತಿಯ ಕಾವ್ಯವನ್ನು ವಿದ್ವಾಂಸ ಅಕಾಕಿ ಶಾನಿದ್ಜೆ ಸಂಗ್ರಹಿಸಿ 1931ರಲ್ಲೇ ಪುಸ್ತಕ ಮಾಡಿದ್ದರು. ಪ್ಷಾವಿಯವರೇ ಆದ ಮಹಾಕವಿ ವಾಝಾ ಪ್ಷಾವೆಲಾ (1861–1915) ಆ ನೆಲದ ಮಾತಿನಲ್ಲೇ ಬರೆದರು. ಹಾಗಾಗಿ ಹಳೆಯ ಪದ್ಯಗಳು ಉಳಿದವು. ಆದರೆ 1950ರ ದಶಕದ ಆರಂಭದಲ್ಲಿ ಸೋವಿಯತ್ ಆಡಳಿತ ಖೆವ್ಸುರ್ ಜನರನ್ನು ಬಲವಂತವಾಗಿ ಬಯಲಿಗೆ ಇಳಿಸಿತು. ಊರು ಬರಿದಾದರೆ ಹಬ್ಬ ಎಲ್ಲಿ, ಎದುರಾಳಿ ಎಲ್ಲಿ? ಪದ್ಯವನ್ನು ಪುಸ್ತಕ ಕಾಯಬಲ್ಲದು. ಪದ್ಯ ಕಟ್ಟುವ ಚಾಳಿಯನ್ನು ಕಾಯಲು ಇಬ್ಬರು ಮನುಷ್ಯರು ಬೇಕು, ಕೇಳಲು ನಾಲ್ಕು ಜನ ಬೇಕು. ಈಗ ನಗರದಲ್ಲಿ ಆ ಅಂಗಳದ ಕೆಲಸವನ್ನು ವೇದಿಕೆ ಮಾಡುತ್ತಿದೆ. ತಡವರಿಸಲು ಜಾಗ ಬಿಟ್ಟರೆ ಮಾತ್ರ ಅದು ಜೀವಂತ. ಇಲ್ಲವಾದರೆ ಬಣ್ಣದ ಉಡುಪಿನ ಪ್ರದರ್ಶನ ಅಷ್ಟೇ.

ರೂಮಿಗೆ ಬಂದವಳೇ ವಿಜಯಪುರದ ಹಳ್ಳಿಯಲ್ಲಿರುವ ಅಜ್ಜನಿಗೆ ಫೋನ್ ಮಾಡಿದೆ. ಅಜ್ಜ ಹರದೇಶಿ ಹಾಡುಗಾರ. ಗಂಡು ಹೆಚ್ಚು ಎಂದು ಹರದೇಶಿ, ಹೆಣ್ಣು ಹೆಚ್ಚು ಎಂದು ನಾಗೇಶಿ ರಾತ್ರಿಯಿಡೀ ಸವಾಲ್-ಜವಾಬ್ ನಡೆಸುವ ಹಾಡು ಅದು. ಚಿಕ್ಕವಳಿದ್ದಾಗ ಅದು ಶುರುವಾದರೆ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ.

‘ಅಜ್ಜಾ, ನಿನ್ನ ಹಾಡೆಲ್ಲ ರೆಕಾರ್ಡ್ ಮಾಡಿ ಇಡಬೇಕು’ ಎಂದೆ.

‘ಮಾಡ್ಕೊ, ಬ್ಯಾಡ ಅನ್ನೂದಿಲ್ಲ. ಆದ್ರ ಎದುರು ಜವಾಬು ಕೊಡೋರು ಯಾರ ಅದಾರ?’ ಎಂದು ಕೇಳಿದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು ಎರಡು ಸಾಲು ಕಟ್ಟಿ, ನಾಗೇಶಿ ಪಕ್ಷ ಹಿಡಿದು, ವಾಯ್ಸ್ ಮೆಸೇಜ್ ಕಳಿಸಿದೆ. ಹತ್ತೇ ನಿಮಿಷದಲ್ಲಿ ಅಜ್ಜನ ಜವಾಬು ಬಂತು, ಜೊತೆಗೆ ಜೋರು ನಗೆ. ನನ್ನ ಪ್ರಾಸ ತಪ್ಪಿತ್ತಂತೆ.

ಹದಿನೈದು ದಿನಗಳಲ್ಲಿ ನಾಲ್ಕು ಸಲ ಸೋತಿದ್ದೇನೆ. ಅಜ್ಜ ಮಾತ್ರ ಈಗ ಪ್ರತಿ ಸಂಜೆ ಫೋನ್ ಚಾರ್ಜ್ ಮಾಡಿ ಇಟ್ಟುಕೊಳ್ಳುತ್ತಾನೆ ಎಂದು ಅಮ್ಮ ಹೇಳುತ್ತಿದ್ದಳು.