ಜೇನು, ಮೂಲಿಕೆ ಮತ್ತು ತಾಳ್ಮೆ

ಡಿಸೆಂಬರ್ 7 ಸಂತ ಅಂಬ್ರೋಸರ ಹಬ್ಬ. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಇವರು ತೊಟ್ಟಿಲಲ್ಲಿದ್ದಾಗ ಜೇನುಹುಳುಗಳು ಅವರ ತುಟಿಯ ಮೇಲೆ ಜೇನಿನ ಹನಿಯೊಂದನ್ನು ಬಿಟ್ಟು ಹಾರಿದವೆಂದು ಐತಿಹ್ಯ. ಹಾಗಾಗಿ ಅವರು ಜೇನು ಸಾಕುವವರ ಪಾಲಕ ಸಂತರು. ಬಲಿಪೀಠದ ಮೇಣದಬತ್ತಿಗೆ ಬೇಕಾದ ಮೇಣಕ್ಕಾಗಿ ಯುರೋಪಿನ ಮಠಗಳು ಜೇನು ಸಾಕಿದವು. ಉಳಿದ ಜೇನಿಗೆ ನೀರು ಬೆರೆಸಿ ಹುದುಗಿಸಿದ ಪಾನೀಯವೇ 'ಮೀಡ್'. ನಮ್ಮ 'ಮಧು' ಹಾಗೂ ಇಂಗ್ಲಿಷಿನ 'ಮೀಡ್' ಒಂದೇ ಮೂಲದ ಪದಗಳು.

ಈ ಪರಂಪರೆಯಲ್ಲಿ ನೆನೆಯಬೇಕಾದವರು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬಕ್‌ಫಾಸ್ಟ್ ಮಠದ ಬ್ರದರ್ ಆಡಮ್. 1898ರಲ್ಲಿ ಜರ್ಮನಿಯಲ್ಲಿ ಜನಿಸಿ, ಬಾಲ್ಯದಲ್ಲೇ ಮಠ ಸೇರಿ, 1919ರಲ್ಲಿ ಜೇನುಗೂಡುಗಳ ಹೊಣೆ ಹೊತ್ತ ಅವರು 'ಬಕ್‌ಫಾಸ್ಟ್' ತಳಿಯ ಜನಕರೆಂದು ಲೋಕಪ್ರಸಿದ್ಧರಾದರು. ಮೀಡ್ ತಯಾರಿಕೆಯಲ್ಲೂ ನಿಷ್ಣಾತರಾಗಿದ್ದ ಅವರು ಅದನ್ನು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಲು ಬಿಡುತ್ತಿದ್ದರು. 1996ರಲ್ಲಿ ಅವರು ನಿಧನರಾದರು.

ನೆರೆಯ ವೇಲ್ಸ್ ನಾಡಿನಲ್ಲಿ ಮೂಲಿಕೆ ಸೇರಿಸಿದ ಮೀಡಿಗೆ 'ಮೆಥೆಗ್ಲಿನ್' ಎಂದು ಹೆಸರು. ಔಷಧೀಯ ಪಾನೀಯವೆಂದೇ ಅದರ ಅರ್ಥ. ಇಂದು ಇಂಗ್ಲೆಂಡಿನ ಮನೆಗಳಲ್ಲಿ ಇದನ್ನು ಮಾಡುವವರು ಮೂಲಿಕೆಯ ಚಹಾವನ್ನೇ ಬಳಸುತ್ತಾರೆ. ಅಲ್ಲಿ ಸ್ವಂತ ಬಳಕೆಗೆ ಇದಕ್ಕೆ ಅಡ್ಡಿಯಿಲ್ಲ.

ವಿಧಾನ ಸರಳ. 20 ಗ್ರಾಂ ಒಣ ಕ್ಯಾಮೊಮೈಲ್ ಹೂವನ್ನು ಒಂದು ಲೀಟರ್ ಕುದಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸುತ್ತಾರೆ. ಅದು ಬೆಚ್ಚಗಿರುವಾಗ ಒಂದೂಕಾಲು ಕಿಲೋ ಜೇನನ್ನು ಕರಗಿಸಿ, ತಣ್ಣೀರು ಸೇರಿಸಿ ಒಟ್ಟು ನಾಲ್ಕೂವರೆ ಲೀಟರ್ ಮಾಡುತ್ತಾರೆ. ಜೇನಿನಲ್ಲಿ ಒಗರಿಲ್ಲದ ಕಾರಣ ಒಂದು ಲೋಟ ಗಟ್ಟಿ ಕಪ್ಪು ಚಹಾವನ್ನೂ ಬೆರೆಸುವುದುಂಟು. ಯೀಸ್ಟಿಗೆ ಬೇಕಾದ ಸಾರಜನಕವೂ ಜೇನಿನಲ್ಲಿ ಅತ್ಯಲ್ಪ. ಅದಕ್ಕಾಗಿ ಯೀಸ್ಟಿನ ಪೋಷಕಾಂಶವನ್ನು ಚಿಟಿಕೆಯಷ್ಟು ಹಾಕುತ್ತಾರೆ. ದ್ರಾವಣ 30 ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ವೈನ್ ಯೀಸ್ಟ್ ಸೇರಿಸಬೇಕು. ಕುದಿಯುವ ನೀರು ಅದನ್ನು ಕೊಂದುಬಿಡುತ್ತದೆ. ಪಾತ್ರೆಗಳೆಲ್ಲ ಶುಚಿಯಾಗಿರಬೇಕು. ಅನಿಲ ಹೊರಹೋಗಿ ಹೊರಗಿನ ಗಾಳಿ ಒಳಬಾರದಂತೆ ಬಾಯಿಗೆ ಕವಾಟ ಅಳವಡಿಸಬೇಕು. ಪೂರ್ತಿ ಹುದುಗಿದರೆ ಮದ್ಯಸಾರ ಸುಮಾರು ಶೇ. 12ರಿಂದ 13ರಷ್ಟಾಗುತ್ತದೆ.

ಇಲ್ಲಿ ಕೆಡಿಸುವುದು ಆತುರ. ಕೆಲವು ವಾರಗಳಲ್ಲಿ ಗುಳ್ಳೆಗಳು ಕಡಿಮೆಯಾದಾಗ ಕೆಲಸ ಮುಗಿಯಿತೆಂದು ಸೀಸೆಗೆ ತುಂಬಿ ಬಿರಡೆ ಬಿಗಿದರೆ, ಉಳಿದ ಸಕ್ಕರೆ ಒಳಗೇ ಹುದುಗಿ ಸೀಸೆ ಸಿಡಿಯಬಹುದು. ಗಾಜಿನ ಚೂರು ಯಾರ ಕಣ್ಣಿಗೂ ಬೀಳಬಹುದು. ಎಳೆಯ ಮೀಡ್ ನಾಲಿಗೆಗೆ ಕಟುವಾಗಿಯೂ ಇರುತ್ತದೆ. ತಳದ ಗಸಿ ಬಿಟ್ಟು ತಿಳಿಯನ್ನು ಬೇರೆ ಪಾತ್ರೆಗೆ ವರ್ಗಾಯಿಸಿ ತಿಂಗಳುಗಟ್ಟಲೆ ಇರಿಸಿದರೆ ಮಾತ್ರ ಹೂವಿನ ಪರಿಮಳ ಜೇನಿನೊಡನೆ ಹೊಂದಿಕೊಳ್ಳುತ್ತದೆ.

ನಮ್ಮ ರಾಜ್ಯದ ಓದುಗರು ಒಂದನ್ನು ಮರೆಯಬಾರದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಹುದುಗಿಸದೆ ಮಾಡಿದ ಪುದೀನ ಕಷಾಯಕ್ಕೆ ಒಂದು ಚಮಚ ಜೇನು ಬೆರೆಸಿ ಹಬ್ಬದ ದಿನ ಅತಿಥಿಗಳಿಗೆ ನೀಡಲು ಯಾವ ಪರವಾನಗಿಯೂ ಬೇಡ. ಮನೆಯಲ್ಲಿ ಕುಡಿತದ ನೋವು ಕಂಡವರಿಗಂತೂ ಅದೇ ಹಿತ.

ಸಂತ ಅಂಬ್ರೋಸರ ಹಬ್ಬ ಬರುವುದು ಆಗಮನ ಕಾಲದಲ್ಲಿ. ಆ ದಿನ ಇಂಗ್ಲೆಂಡಿನ ಕುಟುಂಬವೊಂದು ಮೀಡ್ ಹುದುಗಿಸಲು ಇಟ್ಟರೆ ಅದು ಕುಡಿಯಲು ಯೋಗ್ಯವಾಗುವುದು ಈ ಕ್ರಿಸ್ಮಸ್ಸಿಗಲ್ಲ, ಮುಂದಿನ ಕ್ರಿಸ್ಮಸ್ಸಿಗೆ. ಕಾಯುವುದನ್ನು ಕಲಿಸುವ ಕಾಲಕ್ಕೆ ಇದಕ್ಕಿಂತ ತಕ್ಕ ಗೃಹಕೃತ್ಯ ಮತ್ತೊಂದಿರಲಾರದು.