ಮನಸ್ಸಿನ ನೋವೂ ಮನಃಶಾಸ್ತ್ರಜ್ಞನ ದಾರಿಯೂ

ಕಾಲಿಗೆ ಮುಳ್ಳು ಚುಚ್ಚಿದರೆ ನಾವು ಒಡನೆಯೇ ಹೇಳಿಕೊಳ್ಳುತ್ತೇವೆ; ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುತ್ತೇವೆ. ಮನಸ್ಸಿಗೆ ನೋವಾದಾಗ ಮಾತ್ರ ಯಾರಿಗೂ ತಿಳಿಯದಂತೆ ಅದನ್ನು ಬಚ್ಚಿಡುತ್ತೇವೆ. ಇದಕ್ಕೆ ಕಾರಣವೇನು? ಠಾಣೆಯಲ್ಲಿ ವಾಸಿಸುವ ನಮಗೆ ಈ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮಾನಸಿಕ ರೋಗಿಗಳ ಶುಶ್ರೂಷೆಗಾಗಿ 1901ರಲ್ಲಿ ಇಲ್ಲಿ ಆಸ್ಪತ್ರೆಯೊಂದು ಸ್ಥಾಪಿತವಾಯಿತು. ಅದು ಎಷ್ಟೋ ಮಂದಿಗೆ ಆಸರೆಯಾಯಿತು. ಆದರೂ 'ಇವನನ್ನು ಠಾಣೆಗೆ ಕಳುಹಿಸಬೇಕು' ಎಂಬುದು ಈ ಪ್ರಾಂತದಲ್ಲಿ ಪರಿಹಾಸ್ಯದ ಮಾತಾಗಿ ಹಬ್ಬಿತು. ಆಡುವವನಿಗೆ ಅದು ಗಳಿಗೆಯ ನಗೆ. ಒಳಗೊಳಗೇ ನೊಂದವನಿಗೆ ಅದು ಬಾಯಿಗೆ ಹಾಕಿದ ಬೀಗ.

ಮನಸ್ಸಿನ ಚಿಕಿತ್ಸೆ ಎಂದರೇನು ಎಂಬುದನ್ನು ಅರಿತರೆ ಈ ಅಂಜಿಕೆ ಬಹುಮಟ್ಟಿಗೆ ನೀಗೀತು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿದವರು. ಅವಶ್ಯವಿದ್ದಲ್ಲಿ ಔಷಧವನ್ನು ಕೊಡುತ್ತಾರೆ. ಮನಃಶಾಸ್ತ್ರಜ್ಞರ ಮುಖ್ಯ ಸಾಧನವಾದರೋ ಸಂಭಾಷಣೆ. ಅವರು ಕೇಳುತ್ತಾರೆ, ಪ್ರಶ್ನಿಸುತ್ತಾರೆ, ನಮ್ಮ ಯೋಚನೆಗಳನ್ನು ನಾವೇ ಪರೀಕ್ಷಿಸಿಕೊಳ್ಳುವಂತೆ ಮಾಡುತ್ತಾರೆ. ಅವರಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ; ಪ್ರಾಣಾಪಾಯದಂತಹ ಸಂದರ್ಭಗಳಲ್ಲಿ ಮಾತ್ರ ಆಪ್ತರಿಗೆ ತಿಳಿಸಬೇಕಾಗಬಹುದು. ರೋಗಿಯ ಈ ಗೋಪ್ಯತೆಯ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮಾನ್ಯಮಾಡಿದೆ.

ಇಂತಹ ಮನಃಶಾಸ್ತ್ರಜ್ಞರಲ್ಲಿ ಅಮೆರಿಕದ ಆಲ್ಬರ್ಟ್ ಎಲಿಸ್ (1913–2007) ಪ್ರಸಿದ್ಧರು. ಅವರು ತಮ್ಮ ವಿಧಾನವನ್ನು ಮೊದಲು ಪ್ರಯೋಗಿಸಿದ್ದು ತಮ್ಮ ಮೇಲೆಯೇ ಎಂಬುದು ಗಮನಾರ್ಹ. ತರುಣರಾಗಿದ್ದಾಗ ಅವರಿಗೆ ಸಭೆಯಲ್ಲಿ ಮಾತನಾಡಲು ವಿಪರೀತ ಭಯ. ಭಯ ತಾನಾಗಿ ಹೋಗಲೆಂದು ಕಾಯದೆ, ಅವರು ಮತ್ತೆ ಮತ್ತೆ ಸಭೆಗಳಲ್ಲಿ ನಿಂತು ಮಾತನಾಡಿದರು. ನೆನೆದಂತಹ ಅನಾಹುತವೇನೂ ಸಂಭವಿಸಲಿಲ್ಲ. ಕ್ರಮೇಣ ಭಯವೇ ಅಡಗಿತು. ಘಟನೆಗಳಿಗಿಂತ ಅವುಗಳ ಬಗೆಗಿನ ನಮ್ಮ ಕಲ್ಪನೆಗಳೇ ನಮ್ಮನ್ನು ಹೆಚ್ಚು ಕಾಡುತ್ತವೆಂಬ ಪ್ರಾಚೀನ ತತ್ತ್ವಜ್ಞಾನಿ ಎಪಿಕ್ಟೀಟಸ್‌ನ ಅಭಿಪ್ರಾಯವೂ ಅವರಿಗೆ ದಾರಿದೀಪವಾಯಿತು. 1955ರ ಸುಮಾರಿಗೆ ಅವರು ವಿವೇಕವನ್ನು ಆಧಾರವಾಗಿಟ್ಟುಕೊಂಡ ಚಿಕಿತ್ಸಾಕ್ರಮವೊಂದನ್ನು ರೂಪಿಸಿದರು.

ಆ ಕ್ರಮದ ತಿರುಳನ್ನು ನಮ್ಮ ಘೋಡಬಂದರ್ ರಸ್ತೆಯ ಉದಾಹರಣೆಯಿಂದಲೇ ತಿಳಿಯಬಹುದು. ಕಾಸಾರವಡವಲಿಯಿಂದ ಬರುವ ಬಸ್ಸು ಮಾನಪಾಡದ ಬಳಿ ವಾಹನಗಳ ಸಂದಣಿಯಲ್ಲಿ ಸಿಕ್ಕಿಕೊಂಡಿದೆ ಎನ್ನೋಣ. ಒಳಗೆ ಪರೀಕ್ಷೆಗೆ ಹೊರಟ ಇಬ್ಬರು ವಿದ್ಯಾರ್ಥಿಗಳು. 'ನಾನು ಹೊತ್ತಿಗೆ ಸರಿಯಾಗಿ ತಲಪಲೇಬೇಕು. ತಲಪದಿದ್ದರೆ ನನ್ನ ಬಾಳೇ ಮುಗಿಯಿತು' ಎಂದು ಒಬ್ಬನ ಯೋಚನೆ. 'ಹೊತ್ತಿಗೆ ತಲಪಿದರೆ ಒಳ್ಳೆಯದು. ತಡವಾದರೆ ತೊಂದರೆಯೇ ಸರಿ, ಆದರೆ ಗುರುಗಳಿಗೆ ತಿಳಿಸಿ ಮುಂದಿನ ದಾರಿ ನೋಡಬಹುದು' ಎಂದು ಇನ್ನೊಬ್ಬನದು. ಬಸ್ಸು ಒಂದೇ, ಸಂದಣಿಯೂ ಒಂದೇ. ಆದರೂ ಮೊದಲನೆಯವನ ಕೈಕಾಲು ನಡುಗಿ, ಓದಿದ್ದೂ ಮರೆತುಹೋಗುತ್ತದೆ. ಎರಡನೆಯವನಿಗೆ ಕಳವಳವಿದ್ದರೂ ಬುದ್ಧಿ ಸ್ಥಿಮಿತದಲ್ಲಿದೆ. ಘಟನೆ, ಅದರ ಬಗೆಗಿನ ನಂಬಿಕೆ, ಅದರಿಂದಾಗುವ ಪರಿಣಾಮ ಎಂಬ ಮೂರು ಮೆಟ್ಟಿಲುಗಳನ್ನು ಎಲಿಸ್ ತೋರಿಸಿಕೊಟ್ಟರು. ನಾವು ತಿದ್ದಿಕೊಳ್ಳಬಹುದಾದದ್ದು ನಡುವಣ ಮೆಟ್ಟಿಲನ್ನು. 'ಆದರೆ ಒಳ್ಳೆಯದು' ಎಂಬ ಆಸೆಯು 'ಆಗಲೇಬೇಕು' ಎಂಬ ಹಟವಾದಾಗಲೇ ಸಂಕಟ ಬೆಳೆಯುತ್ತದೆ.

ಹಾಗೆಂದು ದುಃಖಪಡುವುದೇ ತಪ್ಪೆಂದು ಭಾವಿಸಬಾರದು. ಅಗಲಿದವರಿಗಾಗಿ ಅಳುವುದು, ಸೋತಾಗ ಬೇಸರಪಡುವುದು ಸಹಜ. ಒಬ್ಬನನ್ನು ಸಹಪಾಠಿಗಳು ಪೀಡಿಸುತ್ತಿದ್ದರೆ ಅವನ ಯೋಚನೆಯನ್ನು ತಿದ್ದಿದರೆ ಸಾಲದು, ಪೀಡೆಯನ್ನೇ ನಿಲ್ಲಿಸಬೇಕು. ತೀವ್ರ ಖಿನ್ನತೆಯಂತಹ ರೋಗಗಳಿಗೆ ಔಷಧವೂ ಬೇಕಾದೀತು. ರೋಗಿಗೆ ಬರಿಯ 'ಧೈರ್ಯ ತಂದುಕೋ' ಎನ್ನುವುದು ಮುರಿದ ಕಾಲಿನವನಿಗೆ ನಡೆ ಎಂದಂತೆ.

ಎಲಿಸರ ವಿಚಾರಗಳು ನಮ್ಮ ನೆರೆಯಲ್ಲಿಯೇ ಬೇರೂರಿವೆ. ಮುಂಬಯಿಯ ಕಿಶೋರ ಫಡಕೆಯವರು ಅವರೊಡನೆ ದೀರ್ಘಕಾಲ ಪತ್ರವ್ಯವಹಾರ ನಡೆಸಿ ಆ ಚಿಕಿತ್ಸೆಯನ್ನು ಇಲ್ಲಿ ಪ್ರಚುರಪಡಿಸಿದರು. ಮನೋವೈದ್ಯ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಠಾಣೆಯಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದರು. ಹೀಗೆ, ಯಾವ ಊರಿನ ಹೆಸರು ಮೂದಲಿಕೆಯಾಗಿತ್ತೋ ಅದೇ ಊರಿನಲ್ಲಿ ಮನಸ್ಸಿನ ಮಾತನ್ನು ಬಹಿರಂಗವಾಗಿ ಆಡುವ ಪರಿಪಾಠ ಬೆಳೆಯಿತು. ಕನ್ನಡವೂ ಈ ವಿಷಯದಲ್ಲಿ ಹಿಂದುಳಿದಿಲ್ಲ. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆಯನ್ನು ಆರಂಭಿಸಿದ ಡಾ. ಎಂ. ಶಿವರಾಂ ಅವರು ಸ್ವತಃ ವೈದ್ಯರು; ಮನಸ್ಸನ್ನು ಕುರಿತ ಅವರ 'ಮನಮಂಥನ' ಗ್ರಂಥಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ವಿದ್ಯಾರ್ಥಿ ಮಿತ್ರರೇ, ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಆಟಪಾಠಗಳಲ್ಲಿ ಆಸಕ್ತಿ ಕುಂದುವುದು ಎರಡು ವಾರ ಮುಂದುವರಿದರೆ ತಾಯಿತಂದೆಯರಿಗೋ ಗುರುಗಳಿಗೋ ಹೇಳಬೇಕು. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರಕಾರಿ ಸೇವೆಯು 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಗೆಳೆಯನೊಬ್ಬನು ಮಂಕಾಗಿ ಕುಳಿತಿರುವುದನ್ನು ಕಂಡರೆ ನಾವು ನಗದಿರೋಣ; ಪಕ್ಕದಲ್ಲಿ ಕುಳಿತು ಅವನ ಮಾತನ್ನು ಕೇಳೋಣ, ಹಿರಿಯರ ಬಳಿಗೆ ಅವನ ಜೊತೆಯಲ್ಲಿ ಹೋಗೋಣ.