ದೀಪ ಕುಗ್ಗಿದ್ದು ನಿಜವೇ?

ನಮ್ಮ ತರಗತಿಯಲ್ಲಿ ಈ ವರ್ಷ ಒಂದು ಪದ ಬಹಳ ಓಡಾಡುತ್ತಿದೆ: ‘ಗ್ಯಾಸ್‌ಲೈಟಿಂಗ್’. ನೋಟ್ಸ್ ಕೊಡುತ್ತೇನೆಂದು ಹೇಳಿ ಕೊಡದಿದ್ದರೆ ಗ್ಯಾಸ್‌ಲೈಟಿಂಗ್. ‘ನಾನು ಹಾಗೆ ಹೇಳಲೇ ಇಲ್ಲ’ ಎಂದರೆ ಗ್ಯಾಸ್‌ಲೈಟಿಂಗ್. ಟೆಸ್ಟ್‌ನಲ್ಲಿ ಅಂಕ ಕಡಿಮೆ ಬಂದರೆ ಅದೂ ಒಮ್ಮೊಮ್ಮೆ ಗ್ಯಾಸ್‌ಲೈಟಿಂಗ್! ನಾನೂ ಹೀಗೆಯೇ ಬಳಸುತ್ತಿದ್ದೆ. ರಜೆಯಲ್ಲಿ ಖಾಲಾ ಮನೆಗೆ ಹೋದಾಗ ತಮ್ಮನ ಜೊತೆ ಜಗಳವಾಡುತ್ತಾ ಈ ಪದ ಎಸೆದೆ. ಖಾಲಾ ಅಡುಗೆಮನೆಯಿಂದಲೇ, ‘ಆ ಪದ ಎಲ್ಲಿಂದ ಬಂತು ಗೊತ್ತಾ ನಿನಗೆ?’ ಎಂದು ಕೇಳಿದರು. ಗೊತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು 1944ರ ಒಂದು ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ಹಾಕಿದರು. ಹೆಸರು ‘ಗ್ಯಾಸ್‌ಲೈಟ್’. ಹತ್ತು ನಿಮಿಷ ನೋಡಿ ಮಲಗೋಣ ಎಂದುಕೊಂಡವಳು ಸುಮಾರು ಎರಡು ಗಂಟೆ ಕದಲದೆ ಕುಳಿತೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆ ಪೂರ್ತಿ ಬರುತ್ತದೆ. ಆದರೆ ಅದರಿಂದ ಏನೂ ಕೆಡುವುದಿಲ್ಲ. ಗಂಡ ಒಳ್ಳೆಯವನಲ್ಲ ಎಂಬುದು ನೋಡುವವರಿಗೆ ಬೇಗನೇ ತಿಳಿದುಬಿಡುತ್ತದೆ. ಹೆಂಡತಿಗೆ ಮಾತ್ರ ತಿಳಿಯುವುದಿಲ್ಲ. ನಮ್ಮ ಸಂಕಟವೇ ಅದು.

ಲಂಡನ್ನಿನ ಥಾರ್ನ್‌ಟನ್ ಸ್ಕ್ವೇರ್ ಎಂಬ ಬೀದಿಯ 9ನೇ ನಂಬರ್ ಮನೆಯಲ್ಲಿ ಆಲಿಸ್ ಆಲ್‌ಕ್ವಿಸ್ಟ್ ಎಂಬ ಪ್ರಸಿದ್ಧ ಗಾಯಕಿಯ ಕೊಲೆಯಾಗುತ್ತದೆ. ಕೊಲೆಗಾರ ಸಿಗುವುದಿಲ್ಲ. ಅವಳು ಸಾಕಿದ್ದ ಹುಡುಗಿ ಪೌಲಾಳನ್ನು ಸಂಗೀತ ಕಲಿಯಲು ಇಟಲಿಗೆ ಕಳಿಸುತ್ತಾರೆ. ವರ್ಷಗಳು ಕಳೆದ ಮೇಲೆ ಅಲ್ಲಿ ಗ್ರೆಗರಿ ಆಂಟನ್ ಎಂಬ ಪಿಯಾನೋ ವಾದಕನ ಮೇಲೆ ಅವಳಿಗೆ ಪ್ರೀತಿ ಹುಟ್ಟುತ್ತದೆ. ಎರಡು ವಾರದ ಪರಿಚಯ, ಮದುವೆ. ಲಂಡನ್ನಿನ ಒಂದು ಶಾಂತವಾದ ಚೌಕದಲ್ಲಿ ಮನೆ ಮಾಡಿಕೊಂಡಿರಬೇಕೆಂಬುದು ತನ್ನ ಬಹುದಿನದ ಕನಸು ಎಂದು ಅವನು ಹೇಳುತ್ತಾನೆ. ಅಂಥ ಮನೆ ಅವಳದ್ದೇ ಇದೆ. ಆ ಮನೆಯ ನೆನಪೆಂದರೆ ಅವಳಿಗೆ ಭಯ. ಆದರೂ ಅವನಿಗಾಗಿ ಒಪ್ಪುತ್ತಾಳೆ. ಚಿಕ್ಕಮ್ಮನ ಸಾಮಾನನ್ನೆಲ್ಲ ಅಟ್ಟಕ್ಕೆ ಸಾಗಿಸಿ ಬಾಗಿಲು ಮುಚ್ಚಿಸುತ್ತಾನೆ. ಅಲ್ಲಿಂದ ಶುರು.

ದೊಡ್ಡ ಹಳೆಯ ಮನೆ, ಮುಚ್ಚಿದ ಕೋಣೆ, ಹೊಸದಾಗಿ ಬಂದ ಮದುಮಗಳು, ಏನನ್ನೋ ಬಚ್ಚಿಡುವ ಗಂಡ. ಇದನ್ನು ಗಾಥಿಕ್ ಕಥೆ ಎನ್ನುತ್ತಾರೆ. ಅದೇ ಕಾಲದಲ್ಲಿ ಹಿಚ್‌ಕಾಕ್ ಮಾಡಿದ ‘ರೆಬೆಕಾ’ (1940), ‘ಸಸ್ಪಿಷನ್’ (1941) ಕೂಡ ಇದೇ ಜಾತಿಯವು. ಆ ಎರಡನ್ನೂ ಆಮೇಲೆ ನೋಡಿದೆ. ‘ಸಸ್ಪಿಷನ್’ನಲ್ಲಿ ಹೆಂಡತಿ ಗಂಡನನ್ನು ಸಂಶಯಿಸುತ್ತಾಳೆ. ‘ಗ್ಯಾಸ್‌ಲೈಟ್’ನಲ್ಲಿ ಗಂಡ ಮಾಡುವ ಕೆಲಸವೇ ಬೇರೆ. ತನ್ನ ಮೇಲೆ ಬರಬೇಕಾದ ಸಂಶಯವನ್ನು ಹೆಂಡತಿಯ ಕಡೆಗೇ ತಿರುಗಿಸುತ್ತಾನೆ. ಅವಳು ತನ್ನನ್ನೇ ಸಂಶಯಿಸುವಂತೆ ಮಾಡುತ್ತಾನೆ.

ಹೇಗೆ ಮಾಡುತ್ತಾನೆ ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಅವನು ಕೂಗಾಡುವುದು ಬಹಳ ಕಡಿಮೆ. ಒಂದು ದಿನ ಪ್ರೀತಿಯಿಂದ ಒಂದು ಬ್ರೂಚ್ ಉಡುಗೊರೆ ಕೊಡುತ್ತಾನೆ. ಕೊಡುವಾಗಲೇ, ನಿನಗೆ ವಸ್ತು ಕಳೆದುಕೊಳ್ಳುವ ಅಭ್ಯಾಸ, ಜೋಪಾನ ಎಂಬರ್ಥದ ಮಾತಾಡಿ, ತಾನೇ ಅದನ್ನು ಅವಳ ಕೈಚೀಲದಲ್ಲಿ ಇಟ್ಟಂತೆ ಮಾಡುತ್ತಾನೆ. ಆಮೇಲೆ ನೋಡಿದರೆ ಬ್ರೂಚ್ ಇಲ್ಲ. ಗಮನಿಸಿ: ಆರೋಪ ಮೊದಲು ಬಂತು, ತಪ್ಪು ಆಮೇಲೆ ‘ನಡೆಯಿತು’. ಅದೂ ಕಾಳಜಿಯ ಮಾತಾಗಿ ಬಂತು. ಇನ್ನೊಂದು ಸಂಜೆ ನಾಟಕಕ್ಕೆ ಹೋಗೋಣ ಎನ್ನುತ್ತಾನೆ. ಅವಳು ಮಕ್ಕಳಂತೆ ಕುಣಿದಾಡುತ್ತಾಳೆ. ಆ ಖುಷಿಯ ನಡುವೆಯೇ ಗೋಡೆಯ ಚಿತ್ರವೊಂದು ಕಾಣೆಯಾಗಿದೆ ಎಂದು ತೋರಿಸುತ್ತಾನೆ. ಕೆಲಸದವರನ್ನು ಕರೆಸಿ ಅವಳೆದುರಿಗೇ ವಿಚಾರಿಸುತ್ತಾನೆ. ಅವರು ತೆಗೆದಿಲ್ಲ, ತಾನು ತೆಗೆದಿಲ್ಲ, ಮತ್ತೆ ಯಾರು? ನಾಟಕ ರದ್ದು.

ಇದಲ್ಲದೆ ಅವಳು ಹುಷಾರಿಲ್ಲವೆಂದು ಹೇಳಿ ನೆರೆಯವರನ್ನು ಬಾಗಿಲಿನಿಂದಲೇ ಕಳಿಸುತ್ತಾನೆ. ನನಗೆ ಬಹಳ ಮುಖ್ಯವೆನಿಸಿದ್ದು ಇದು. ಬ್ರೂಚ್, ಚಿತ್ರ, ಗಡಿಯಾರ ಇವೆಲ್ಲ ಸಣ್ಣ ಕೈಚಳಕಗಳು. ಮನೆಗೆ ನಾಲ್ಕು ಜನ ಬಂದು ಹೋಗುತ್ತಿದ್ದರೆ ಯಾವುದೂ ನಡೆಯುತ್ತಿರಲಿಲ್ಲ. ‘ಇದು ಹೀಗಾಯಿತಲ್ಲ, ನೀನು ನೋಡಿದೆಯಾ?’ ಎಂದು ಕೇಳಲು ಅವಳಿಗೆ ಉಳಿದಿರುವುದು ಒಬ್ಬನೇ ಸಾಕ್ಷಿ. ಅವನನ್ನೇ ಅವಳು ಎಲ್ಲರಿಗಿಂತ ಹೆಚ್ಚು ಪ್ರೀತಿಸುತ್ತಾಳೆ.

ಈಗ ದೀಪದ ವಿಷಯ. ಗ್ರೆಗರಿ ಪ್ರತಿ ರಾತ್ರಿ ಕೆಲಸವಿದೆ ಎಂದು ಹೊರಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಪೌಲಾಳ ಕೋಣೆಯ ಗ್ಯಾಸ್ ದೀಪ ತಾನಾಗಿ ಕುಗ್ಗುತ್ತದೆ. ತಲೆಯ ಮೇಲೆ, ಮುಚ್ಚಿಸಿದ ಅಟ್ಟದಲ್ಲಿ, ಹೆಜ್ಜೆ ಸಪ್ಪಳ ಕೇಳುತ್ತದೆ. ಕೆಲಸದವಳನ್ನು ಕೇಳಿದರೆ ಬೇರೆ ಯಾರೂ ದೀಪ ಹಚ್ಚಿಲ್ಲ ಎನ್ನುತ್ತಾಳೆ. ಅಡುಗೆಯಾಕೆಗೆ ಕಿವಿ ಮಂದ.

ಸೈನ್ಸ್‌ನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಥೆ ನಡೆಯುವುದು ವಿದ್ಯುತ್ ದೀಪ ಮನೆಗಳಿಗೆ ಬರುವ ಮೊದಲಿನ ಕಾಲದಲ್ಲಿ. ಕಲ್ಲಿದ್ದಲನ್ನು ಗಾಳಿ ತಾಗದಂತೆ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಬಂದ ಅನಿಲವನ್ನು ಬೀದಿಯಡಿಯ ಕೊಳವೆಗಳ ಮೂಲಕ ಮನೆಮನೆಗೆ ಕಳಿಸುತ್ತಿದ್ದರು. ಲಂಡನ್ನಿನಲ್ಲಿ ಇದಕ್ಕಾಗಿ 1812ರಲ್ಲೇ ಒಂದು ಕಂಪನಿ ಆರಂಭವಾಗಿತ್ತು. ಅನಿಲದ ಒತ್ತಡ ಕಡಿಮೆ, ಮನೆಯೊಳಗಿನ ಕೊಳವೆ ಸಣ್ಣದು. ಹಾಗಾಗಿ ಒಂದು ಕೋಣೆಯಲ್ಲಿ ಹೊಸದಾಗಿ ಬರ್ನರ್ ತೆರೆದರೆ ಕೊಳವೆಯಲ್ಲಿ ಹರಿವು ಹೆಚ್ಚಾಗಿ ಉಳಿದ ದೀಪಗಳಿಗೆ ಸಿಗುವ ಒತ್ತಡ ಇಳಿಯುತ್ತದೆ, ಜ್ವಾಲೆ ಗಿಡ್ಡವಾಗುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಬೆಳಗ್ಗೆ ಕೆಳಗಿನ ನಲ್ಲಿಗಳನ್ನೆಲ್ಲ ಬಿಟ್ಟಾಗ ಮೇಲಿನ ಮಹಡಿಯಲ್ಲಿ ನೀರು ದಾರದಂತೆ ಬರುತ್ತದಲ್ಲ, ಅದೇ ಲೆಕ್ಕ. ಅಂದರೆ ದೀಪ ಕುಗ್ಗಿತೆಂದರೆ ಮನೆಯಲ್ಲಿ ಇನ್ನೆಲ್ಲೋ ಯಾರೋ ದೀಪ ಹಚ್ಚಿದ್ದಾರೆ ಎಂದರ್ಥ. ಪೌಲಾಳ ಕಣ್ಣು ಸರಿಯಾಗಿಯೇ ಇತ್ತು. ಅವಳು ಕಂಡದ್ದು ಪುರಾವೆ. ಅದನ್ನೇ ಅವಳು ತನ್ನ ಕಾಯಿಲೆಯ ಲಕ್ಷಣ ಎಂದುಕೊಂಡಳು.

ಅಟ್ಟದಲ್ಲಿ ದೀಪ ಹಚ್ಚುತ್ತಿದ್ದವನು ಗ್ರೆಗರಿಯೇ. ಅದೇ ಬೀದಿಯ ಖಾಲಿ ಮನೆಯೊಂದರ ಮೂಲಕ ಛಾವಣಿ ಹತ್ತಿ ಒಳಗಿಳಿಯುತ್ತಿದ್ದ. ಚಿಕ್ಕಮ್ಮನನ್ನು ಕೊಂದವನೂ ಅವನೇ. ಅಂದು ಸಿಗದೆ ಹೋದ ಒಡವೆಗಳಿಗಾಗಿಯೇ ಈ ಮದುವೆ, ಈ ಮನೆ, ಈ ನಾಟಕ ಎಲ್ಲ. ಒಡವೆ ಕೊನೆಗೆ ಸಿಗುವುದು ಎಲ್ಲಿ ಗೊತ್ತೇ? ಗಾಯಕಿಯ ರಂಗದ ಉಡುಪಿನ ಮೇಲೆ, ನಕಲಿ ಹರಳುಗಳ ನಡುವೆ ಹೊಲಿದಿಟ್ಟಂತೆ. ಎಲ್ಲರ ಕಣ್ಣೆದುರಿಗೇ ಇದ್ದದ್ದು.

ನನಗೆ ಸಿನಿಮಾ ಎಂದರೆ ಒಂದೇ ದೃಶ್ಯ. ಸ್ಕಾಟ್‌ಲೆಂಡ್ ಯಾರ್ಡ್‌ನ ಬ್ರಯನ್ ಕ್ಯಾಮರಾನ್ ಎಂಬ ಅಧಿಕಾರಿಗೆ ಈ ಮನೆಯ ಮೇಲೆ ಅನುಮಾನ. ಗ್ರೆಗರಿ ಹೊರಗೆ ಹೋದ ರಾತ್ರಿ ಅವನು ಬಂದು ಪೌಲಾಳ ಎದುರು ನಿಂತು ಮಾತಾಡುತ್ತಿರುವಾಗ ದೀಪ ಕುಗ್ಗುತ್ತದೆ. ದೀಪ ಇಳಿಯಿತಲ್ಲ ಎಂದು ಅವನು ಸಹಜವಾಗಿ ಹೇಳುತ್ತಾನೆ. ಪೌಲಾ ಅವನನ್ನು ನೋಡುವ ಆ ನೋಟವಿದೆಯಲ್ಲ! ನಿಮಗೂ ಕಾಣಿಸಿತೇ ಎಂದು ಕೇಳುತ್ತಾಳೆ. ಅವನಿನ್ನೂ ಯಾರನ್ನೂ ಹಿಡಿದಿಲ್ಲ, ಏನನ್ನೂ ಸಾಬೀತು ಮಾಡಿಲ್ಲ. ಕಂಡದ್ದನ್ನು ಕಂಡೆ ಎಂದನಷ್ಟೆ. ಅವಳಿಗೆ ಅರ್ಧ ಜೀವ ಬರುತ್ತದೆ. ಈ ಪಾತ್ರಕ್ಕಾಗಿ ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಶ್ರೇಷ್ಠ ನಟಿ ಆಸ್ಕರ್ ಬಂತು. ಆ ಒಂದು ನೋಟಕ್ಕೇ ಕೊಡಬಹುದಿತ್ತು ಎಂದು ನನ್ನ ಅಭಿಪ್ರಾಯ.

ಅದಾದ ಮೇಲೆ ಇನ್ನೊಂದು ಕ್ರೂರ ಘಳಿಗೆಯಿದೆ. ಗ್ರೆಗರಿ ಮರಳಿ ಬಂದು ತನ್ನ ಮೇಜಿನ ಬೀಗ ಮುರಿದದ್ದನ್ನು ನೋಡುತ್ತಾನೆ. ಮನೆಗೊಬ್ಬರು ಬಂದಿದ್ದರು ಎನ್ನುತ್ತಾಳೆ ಪೌಲಾ. ಅವಳಿಗೆ ತೊಂದರೆಯಾಗಬಾರದೆಂದು ಅಡುಗೆಯಾಕೆ ಎಲಿಜಬೆತ್, ಯಾರೂ ಬಂದಿಲ್ಲ ಎಂದುಬಿಡುತ್ತಾಳೆ. ಒಳ್ಳೆಯ ಮನಸ್ಸಿನ ಸುಳ್ಳು. ಆದರೆ ಪೌಲಾ, ಹಾಗಾದರೆ ಅದೂ ನನ್ನ ಕನಸೇ ಎಂದು ಕುಸಿಯುತ್ತಾಳೆ. ಖಾಲಾ ಇಲ್ಲಿ ವಿಡಿಯೊ ನಿಲ್ಲಿಸಿ ನೀರು ಕುಡಿದರು.

ಹಿನ್ನೆಲೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಮೂಲ ಕಥೆ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಇಂಗ್ಲಿಷ್ ಲೇಖಕರ 1938ರ ನಾಟಕ. 1940ರಲ್ಲಿ ಬ್ರಿಟನ್ನಿನಲ್ಲೇ ಅದು ಮೊದಲು ಸಿನಿಮಾ ಆಯಿತು. ನಾನು ನೋಡಿದ್ದು ಜಾರ್ಜ್ ಕ್ಯೂಕರ್ ನಿರ್ದೇಶಿಸಿದ ಹಾಲಿವುಡ್ ಚಿತ್ರ. ಗಂಡನಾಗಿ ಚಾರ್ಲ್ಸ್ ಬೋಯರ್. ಉದ್ಧಟ ಕೆಲಸದಾಕೆ ನ್ಯಾನ್ಸಿಯ ಪಾತ್ರದಲ್ಲಿ ಏಂಜೆಲಾ ಲ್ಯಾನ್ಸ್‌ಬರಿ, ಅದು ಅವರ ಮೊದಲ ಸಿನಿಮಾ. ಚಿತ್ರೀಕರಣ ಶುರುವಾದಾಗ ವಯಸ್ಸು 17, ಅಂದರೆ ನಮ್ಮದೇ ವಯಸ್ಸು. 1969ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಈ ಹೆಸರನ್ನೇ ಬಳಸಿ ಲೇಖನ ಬರೆದರು. ಮನೆಯವರೇ ಸಂಚು ಮಾಡಿ ಒಬ್ಬರನ್ನು ಮಾನಸಿಕ ರೋಗಿಯೆಂದು ಆಸ್ಪತ್ರೆಗೆ ಸೇರಿಸಲು ನೋಡಿದ ಪ್ರಕರಣಗಳ ಬಗ್ಗೆ ಅದು. 2022ರಲ್ಲಿ ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟು ‘ಗ್ಯಾಸ್‌ಲೈಟಿಂಗ್’ ಅನ್ನು ವರ್ಷದ ಪದವೆಂದು ಆರಿಸಿತು. ಅಲ್ಲಿಂದ ನಮ್ಮ ತರಗತಿಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ.

ಆದ್ದರಿಂದ ಬರೀ ಸುಳ್ಳು ಹೇಳುವುದು ಗ್ಯಾಸ್‌ಲೈಟಿಂಗ್ ಅಲ್ಲ. ಅಭಿಪ್ರಾಯ ಭೇದವಂತೂ ಅಲ್ಲವೇ ಅಲ್ಲ. ಮರೆತುಹೋಗಿ ‘ನಾನು ಹೇಳಿಲ್ಲ’ ಎಂದವರೂ ಗ್ರೆಗರಿಗಳಲ್ಲ. ಒಬ್ಬರ ಕಣ್ಣು, ಕಿವಿ, ನೆನಪುಗಳ ಮೇಲೆ ಅವರಿಗೇ ನಂಬಿಕೆ ಹೋಗುವಂತೆ, ಗೊತ್ತಿದ್ದೂ ಗೊತ್ತಿದ್ದೂ, ಮತ್ತೆ ಮತ್ತೆ ಮಾಡುವುದು ಗ್ಯಾಸ್‌ಲೈಟಿಂಗ್.

ಇದನ್ನು ಖಾಲಾಗೆ ಹೇಳುತ್ತಿದ್ದಾಗಲೇ ನನ್ನ ಬಾಯಿ ಕಟ್ಟಿತು. ಕಳೆದ ವರ್ಷ ಹಾಸ್ಟೆಲಿನಲ್ಲಿ ನಮ್ಮ ರೂಮಿನ ಇಬ್ಬರು ಸೇರಿ ಇನ್ನೊಬ್ಬಳ ಕ್ಯಾಲ್ಕುಲೇಟರ್ ಅಡಗಿಸಿಟ್ಟರು. ಅವಳು ಹುಡುಕಿ ಸುಸ್ತಾದ ಮೇಲೆ ಅವಳ ಬ್ಯಾಗಿನಲ್ಲೇ ಇಟ್ಟರು. ಬಹಳ ನಗು ಬಂತು. ಆಮೇಲೆ ರೆಕಾರ್ಡ್ ಪುಸ್ತಕ, ಆಮೇಲೆ ಐಡಿ ಕಾರ್ಡ್. ಅವಳು ನಮ್ಮೆಲ್ಲರಿಗಿಂತ ಚುರುಕಿನವಳು. ಎರಡು ವಾರ ಕಳೆಯುವಷ್ಟರಲ್ಲಿ ಪ್ರತಿ ವಸ್ತು ಎಲ್ಲಿಟ್ಟೆ ಎಂದು ಅಂಗೈ ಮೇಲೆ ಬರೆದುಕೊಳ್ಳತೊಡಗಿದಳು. ಒಂದು ರಾತ್ರಿ ನನ್ನನ್ನು ಎಬ್ಬಿಸಿ, ‘ನಾನು ಐಡಿ ಕಾರ್ಡ್ ಮೊಳೆಗೆ ನೇತುಹಾಕಿದ್ದನ್ನು ನೀನು ನೋಡಿದೆ ಅಲ್ವಾ?’ ಎಂದು ಕೇಳಿದಳು. ನೋಡಿದ್ದೆ. ತೆಗೆದವರನ್ನೂ ನೋಡಿದ್ದೆ. ‘ಗೊತ್ತಿಲ್ಲ ಕಣೇ, ನಿದ್ದೆ ಬರ್ತಿದೆ’ ಎಂದು ಮಗ್ಗುಲು ಬದಲಿಸಿದೆ.

ರಜೆ ಮುಗಿಸಿ ಬಂದ ದಿನವೇ ಅವಳ ಬಳಿ ಹೋಗಿ ಎಲ್ಲ ಹೇಳಿದೆ. ಕ್ಯಾಲ್ಕುಲೇಟರ್, ರೆಕಾರ್ಡ್, ಐಡಿ ಕಾರ್ಡ್, ಆ ರಾತ್ರಿ. ಬೈಯಬಹುದು ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತೆ ನನ್ನ ನೀಲಿ ದುಪಟ್ಟಾ? ಪರೀಕ್ಷೆಗೆ ಮುಂಚೆ ಕಳೆದದ್ದು? ಅದೂ ನೀವೇನಾ?’ ಎಂದು ಕೇಳಿದಳು.

ಅದು ನಾವಲ್ಲ. ದುಪಟ್ಟಾದ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗೆಂದೆ. ನನ್ನ ಮುಖವನ್ನೇ ನೋಡುತ್ತಾ ನಿಂತಳು, ನಂಬಬೇಕೋ ಬೇಡವೋ ತಿಳಿಯದೆ.